ಟೋಟಲ್ ಸ್ಟೇಷನ್ ಪಾಯಿಂಟ್ ಪಟ್ಟಿಗೆ ಕ್ಯೂಜಿಐಎಸ್: ಸರ್ವೆ ಕೆಲಸದವರ ಲೆಕ್ಕದಲ್ಲಿ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಕ್ಯೂಜಿಐಎಸ್ ಸರ್ವೆಯವರಿಗೆಂದೇ ಮಾಡಿದ ಸಾಫ್ಟ್‌ವೇರ್ ಅಲ್ಲ. ಕಾಡು, ಕೆರೆ, ರಸ್ತೆ, ಊರು ಅಂತ ನಕ್ಷೆ ಮಾಡುವವರಿಗೆ ಮಾಡಿದ್ದು. ಆದರೂ ಟೋಟಲ್ ಸ್ಟೇಷನ್‌ನಿಂದಲೋ (ಕೋನ, ದೂರ ಅಳೆಯುವ ಉಪಕರಣ) ರೋವರ್‌ನಿಂದಲೋ (ಉಪಗ್ರಹಗಳ ನೆರವಿನಿಂದ ಜಾಗ ಹಿಡಿಯುವ ಉಪಕರಣ) ಇಳಿಸಿಕೊಂಡ ಪಾಯಿಂಟ್ ಪಟ್ಟಿಯನ್ನು ಜೋಡಿಸಿ, ತಪ್ಪು ಹುಡುಕಿ, ವಿಸ್ತೀರ್ಣ ತೆಗೆದು, ಮತ್ತೆ ಇನ್ಸ್‌ಟ್ರುಮೆಂಟಿಗೆ ಹಾಕುವ ಹಾಗೆ ಮಾಡಿಕೊಳ್ಳೋಕೆ ಪುಕ್ಕಟೆ ಸಿಗುವುದರಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿಮೆಯಾದ ಆ ಒಂದು ಯಾಕೆ ಅಂತ ಕೊನೆಯಲ್ಲಿ ಬರುತ್ತದೆ.

ನಮ್ಮಲ್ಲಿ ಪರವಾನಗಿ ಭೂಮಾಪಕರು, ಲೇಔಟ್ ಮಾಡುವವರ ಹತ್ತಿರ ಕೆಲಸ ಮಾಡುವ ಡಿಪ್ಲೊಮಾ ಹುಡುಗರು, ಸಣ್ಣ ಕಚೇರಿ ಇಟ್ಟುಕೊಂಡವರು, ಬಹಳಷ್ಟು ಜನ ಈಗಲೂ ಎಕ್ಸೆಲ್‌ನಲ್ಲಿ ಪಟ್ಟಿ, ಕ್ಯಾಡ್‌ನಲ್ಲಿ ಗೆರೆ ಅಂತ ಎರಡು ದೋಣಿಯಲ್ಲಿ ಕಾಲಿಟ್ಟಿರುತ್ತಾರೆ. ಎಕ್ಸೆಲ್‌ಗೆ ಜಾಗ ಅಂದರೇನು ಅಂತ ಗೊತ್ತಿಲ್ಲ. ಕ್ಯಾಡ್‌ಗೆ ಪಾಯಿಂಟಿನ ಜೊತೆ ಬಂದ ಮಾಹಿತಿ ಬೇಕಿಲ್ಲ. ನಡುವೆ ಎಲ್ಲೋ ಒಂದು ಸಾಲು ಹಿಂದೆ ಮುಂದೆ ಆದರೆ ಹಿಡಿಯುವವರು ಯಾರೂ ಇಲ್ಲ. ಆ ಜಾಗಕ್ಕೆ ಕ್ಯೂಜಿಐಎಸ್ ಸರಿಯಾಗಿ ಕೂರುತ್ತದೆ. ಪಟ್ಟಿಯನ್ನು ಪಟ್ಟಿಯಾಗಿಯೂ ತೋರಿಸುತ್ತದೆ, ನೆಲದ ಮೇಲೂ ತೋರಿಸುತ್ತದೆ. ಒಂದರಲ್ಲಿ ಸಾಲು ಆರಿಸಿದರೆ ಇನ್ನೊಂದರಲ್ಲಿ ಪಾಯಿಂಟ್ ಹಳದಿಯಾಗುತ್ತದೆ. ನನ್ನ ಪ್ರಕಾರ ಇದರ ಅರ್ಧ ಬೆಲೆ ಇಷ್ಟರಲ್ಲೇ ಇದೆ.

ಬೆಲೆ ಅಂದೆ, ಆದರೆ ದುಡ್ಡು ಕೊಡಬೇಕಿಲ್ಲ. 2002ರಲ್ಲಿ ಗ್ಯಾರಿ ಶೆರ್ಮನ್ ಶುರುಮಾಡಿದ್ದು, ಆಗ ಕ್ವಾಂಟಮ್ ಜಿಐಎಸ್ ಅಂತ ಹೆಸರು, 2013ರಲ್ಲಿ 2.0 ಬಂದಾಗ ಕ್ಯೂಜಿಐಎಸ್ ಅಂತ ಚಿಕ್ಕದಾಯಿತು. ಮುಕ್ತ ಲೈಸೆನ್ಸ್. ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ಓಡುತ್ತದೆ. ಡೌನ್‌ಲೋಡ್ ಮಾತ್ರ ದೊಡ್ಡದು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸೋಕೆ ಹೋಗಬೇಡಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ತೆರೆಯೋಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ತೆರೆದ ಮೇಲೆ ಕೆಲವು ಸಾವಿರ ಪಾಯಿಂಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಈಗ ಪಟ್ಟಿಯ ವಿಚಾರಕ್ಕೆ ಬರೋಣ.

ಟೋಟಲ್ ಸ್ಟೇಷನ್‌ನಿಂದ ಬರುವ ಸಿಎಸ್‌ವಿ, ಅಂದರೆ ಕಾಮಾ ಹಾಕಿ ಬೇರ್ಪಡಿಸಿದ ಪಟ್ಟಿಯ ಫೈಲ್, ಸಾಮಾನ್ಯವಾಗಿ ಐದು ಕಾಲಂ: ಪಾಯಿಂಟ್ ನಂಬರ್, ನಾರ್ಥಿಂಗ್ (ಉತ್ತರದ ಕಡೆಗಿನ ಅಳತೆ), ಈಸ್ಟಿಂಗ್ (ಪೂರ್ವದ ಕಡೆಗಿನ ಅಳತೆ), ಎತ್ತರ, ವಿವರಣೆ. ಕೆಲವು ಇನ್ಸ್‌ಟ್ರುಮೆಂಟ್ ಈಸ್ಟಿಂಗ್ ಮೊದಲು ಕೊಡುತ್ತವೆ. ಮೇಲೆ ಕಾಲಂ ಹೆಸರು ಇರುವುದೇ ಇಲ್ಲ. ಹಾಗಾಗಿ ಫೈಲ್ ಕೈಗೆ ಬಂದ ತಕ್ಷಣ ಯಾವುದು ಉತ್ತರ ಯಾವುದು ಪೂರ್ವ ಅಂತ ಗೊತ್ತಾಗೋದು ಹೇಗೆ? ಯುಟಿಎಂನಲ್ಲಿ, ಅಂದರೆ ಭೂಮಿಯನ್ನು ಆರು ಡಿಗ್ರಿ ಅಗಲದ ಝೋನ್‌ಗಳಾಗಿ ಹಂಚಿ ಮೀಟರಿನಲ್ಲಿ ಜಾಗ ಹೇಳುವ ಪದ್ಧತಿಯಲ್ಲಿ, ಅಳೆದಿದ್ದರೆ ಸುಲಭ. ಕರ್ನಾಟಕದಲ್ಲಿ ಈಸ್ಟಿಂಗ್ ಯಾವಾಗಲೂ ಆರು ಅಂಕಿ, ನಾರ್ಥಿಂಗ್ ಏಳು ಅಂಕಿ. ಬೆಂಗಳೂರಿನ ನಡುವೆ ನಿಂತರೆ ಸುಮಾರು 782000, 1435000 ಅಂತ ಬರುತ್ತದೆ. ಅಂಕಿ ಎಣಿಸಿದರೆ ಸಾಕು. ಕಷ್ಟ ಬರೋದು ಲೋಕಲ್ ಕೋಆರ್ಡಿನೇಟ್‌ನಲ್ಲಿ, ಅಂದರೆ ಸ್ಟೇಷನ್ನಿಗೆ 1000, 1000 ಅಂತ ಕೊಟ್ಟು ಅಳೆದಾಗ. ಅಲ್ಲಿ ಎರಡೂ ಕಾಲಂ ಒಂದೇ ಥರ ಕಾಣುತ್ತವೆ.

ಇಲ್ಲೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ನಾರ್ಥಿಂಗ್ ಈಸ್ಟಿಂಗ್ ಅದಲು ಬದಲಾದರೆ ವಿಸ್ತೀರ್ಣ ಬದಲಾಗುವುದಿಲ್ಲ. ಒಂದು ಚದರ ಅಡಿಯೂ ಹೆಚ್ಚು ಕಡಿಮೆ ಆಗುವುದಿಲ್ಲ, ಬದಿಗಳ ಅಳತೆಯೂ ಅಷ್ಟೇ ಇರುತ್ತದೆ. ಆಕಾರ ಮಾತ್ರ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿರುತ್ತದೆ. ಹಾಗಾಗಿ ಬರೀ ವಿಸ್ತೀರ್ಣ ಪಹಣಿಗೆ ಹೊಂದಿತು ಅಂತ ಖುಷಿಪಟ್ಟು ಕಳಿಸಿದರೆ, ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇರಬೇಕಾದ ಬಂಡಿದಾರಿ ಉತ್ತರಕ್ಕೆ ಹೋಗಿ ಕೂತಿರುತ್ತದೆ. ಎಕ್ಸೆಲ್ ಇದನ್ನು ಹೇಳುವುದೇ ಇಲ್ಲ. ಕ್ಯೂಜಿಐಎಸ್‌ನಲ್ಲಿ ಕೆಳಗೆ ಉಪಗ್ರಹ ಚಿತ್ರ ಹಾಕಿ ಮೇಲೆ ಪಾಯಿಂಟ್ ಬಿಟ್ಟರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಲೋಕಲ್ ಕೋಆರ್ಡಿನೇಟ್ ಆದರೆ ಚಿತ್ರದ ಮೇಲೆ ಕೂರುವುದಿಲ್ಲ ನಿಜ, ಆದರೂ ಕೈಯಲ್ಲಿ ಬರೆದುಕೊಂಡ ಕಚ್ಚಾ ನಕ್ಷೆಯ ಪಕ್ಕ ಇಟ್ಟು ನೋಡಬಹುದು.

ಫೈಲ್ ಒಳಗೆ ತರೋದಕ್ಕೆ ಡಿಲಿಮಿಟೆಡ್ ಟೆಕ್ಸ್ಟ್ ಅಂತ ಒಂದು ಡಬ್ಬಿ ತೆರೆಯುತ್ತದೆ. ನನಗೆ ಇದರಲ್ಲಿ ಅತಿ ಇಷ್ಟವಾದ ಭಾಗ ಇದೇ. ಕಾಮಾನೋ, ಟ್ಯಾಬೋ, ಸ್ಪೇಸೋ, ಸೆಮಿಕೋಲನ್ನೋ, ಏನು ಬೇಕಾದರೂ ಆರಿಸಬಹುದು. ಕೆಳಗೆ ಮೊದಲ ಕೆಲವು ಸಾಲು ಹೇಗೆ ಓದಿಕೊಳ್ಳುತ್ತದೆ ಅಂತ ಆಗಲೇ ತೋರಿಸುತ್ತದೆ. ಮೇಲಿನ ಎಷ್ಟು ಸಾಲು ಬಿಡಬೇಕು ಅಂತ ಹೇಳಬಹುದು, ಕೆಲವು ಇನ್ಸ್‌ಟ್ರುಮೆಂಟ್‌ಗಳು ಜಾಬ್ ಹೆಸರು, ತಾರೀಕು ಅಂತ ಮೇಲೆ ಏನೇನೋ ತುಂಬಿಸಿರುತ್ತವೆ ಅಲ್ವಾ, ಅದಕ್ಕೆ. ಮೊದಲ ಸಾಲಿನಲ್ಲಿ ಕಾಲಂ ಹೆಸರು ಇದೆ ಅನ್ನುವ ಟಿಕ್ ತೆಗೆಯೋದು ಮರೆಯಬೇಡಿ. ಮರೆತರೆ ನಿಮ್ಮ ಮೊದಲ ಪಾಯಿಂಟ್ ಕಾಲಂ ಹೆಸರಾಗಿ ಮಾಯವಾಗುತ್ತದೆ, ನಾಲ್ಕು ಮೂಲೆಯ ಹೊಲ ಮೂರು ಮೂಲೆಯದಾಗುತ್ತದೆ. ಎಕ್ಸ್ ಅಂದರೆ ಈಸ್ಟಿಂಗ್, ವೈ ಅಂದರೆ ನಾರ್ಥಿಂಗ್. ಝಡ್ ಜಾಗಕ್ಕೆ ಎತ್ತರದ ಕಾಲಂ ಕೊಡಬಹುದು.

ಅಕ್ಷಾಂಶ ರೇಖಾಂಶದಲ್ಲಿ ಪಟ್ಟಿ ಬಂದರೆ ಡಿಗ್ರಿ ಮಿನಿಟ್ ಸೆಕೆಂಡ್ ರೂಪವನ್ನೂ ಓದುತ್ತದೆ, ಅದಕ್ಕೊಂದು ಟಿಕ್ ಇದೆ. ಆದರೆ ಪಟ್ಟಿ ಕೊಟ್ಟವರು ಸೆಕೆಂಡನ್ನು ಎಲ್ಲಿಗೆ ನಿಲ್ಲಿಸಿದ್ದಾರೆ ಅಂತ ನೋಡಿಕೊಳ್ಳಿ. ಒಂದು ಸೆಕೆಂಡ್ ಅಂದರೆ ನೆಲದಲ್ಲಿ ಸುಮಾರು 31 ಮೀಟರ್. ಸೆಕೆಂಡಿಗೆ ಎರಡು ದಶಮಾಂಶ ಇದ್ದರೆ 31 ಸೆಂಟಿಮೀಟರ್ ಮಟ್ಟ, ಮೂರು ಇದ್ದರೆ 3 ಸೆಂಟಿಮೀಟರ್. ದಶಮಾಂಶ ಡಿಗ್ರಿಯಲ್ಲಿ ಐದು ಅಂಕಿ ಇದ್ದರೆ ಸುಮಾರು ಒಂದು ಮೀಟರ್, ಏಳು ಇದ್ದರೆ ಒಂದು ಸೆಂಟಿಮೀಟರ್. ವಾಟ್ಸಾಪ್‌ನಲ್ಲಿ ಯಾರೋ ಐದು ದಶಮಾಂಶದ ಪಟ್ಟಿ ಕಳಿಸಿ ಬಾಂದು ಕಲ್ಲಿನ ಪಾಯಿಂಟ್ ಇದು ಅಂದರೆ ಅದನ್ನು ಬಾಂದು ಕಲ್ಲು ಅಂತ ನಂಬುವ ಹಾಗಿಲ್ಲ. ಮೊಬೈಲ್ ಆ್ಯಪ್‌ಗಳ ಕಥೆಯೂ ಅಷ್ಟೇ. ಹೊಲ ಯಾವ ಸರ್ವೆ ನಂಬರಿನಲ್ಲಿದೆ ಅಂತ ನೋಡೋಕೆ ದಿಶಾಂಕ್ ಚೆನ್ನಾಗಿದೆ. ಅದನ್ನು ಹಿಡಿದು ಕಲ್ಲು ನೆಡೋಕೆ ಹೋಗಬಾರದು.

ಎಕ್ಸೆಲ್ ವಿಚಾರ ಒಂದು ಹೇಳಲೇಬೇಕು. ಸಿಎಸ್‌ವಿ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದು ಎಕ್ಸೆಲ್‌ನಲ್ಲಿ ತೆರೆಯುತ್ತದೆ, ತೆರೆಯುವಾಗಲೇ ತನಗೆ ತೋಚಿದ ಹಾಗೆ ಬದಲಾಯಿಸಿಬಿಡುತ್ತದೆ. ವಿವರಣೆ ಕಾಲಂನಲ್ಲಿ 12/3 ಅಂತ ಸರ್ವೆ ನಂಬರ್ ಹಿಸ್ಸಾ ಇದ್ದರೆ ಅದು ತಾರೀಕಾಗುತ್ತದೆ. 001 ಅನ್ನುವ ಪಾಯಿಂಟ್ 1 ಆಗುತ್ತದೆ. ನಂಬರಿನ ನಡುವೆ ಇ ಅಕ್ಷರ ಇರುವ 5ಇ2 ಥರದ ಹೆಸರನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರೆ ಅದನ್ನು ಐನೂರು ಅಂತ ಓದಿಕೊಳ್ಳುತ್ತದೆ. ಆಮೇಲೆ ಸುಮ್ನೆ ಸೇವ್ ಒತ್ತಿದರೆ ಮೂಲ ಹೋಯಿತು. ನಮ್ಮ ಹಿಸ್ಸಾ ನಂಬರ್ ಬರೆಯುವ ರೀತಿಯೇ ತಾರೀಕಿನ ಥರ ಇರುವುದರಿಂದ ಇದು ನಮಗೆ ಜಾಸ್ತಿ ಕಾಟ. ಲಿಬ್ರೆ ಆಫೀಸ್ ಕ್ಯಾಲ್ಕ್ ಆದರೆ ತೆರೆಯುವ ಮೊದಲು ಪ್ರತಿ ಕಾಲಂ ಏನು ಅಂತ ಕೇಳುತ್ತದೆ, ಪಾಯಿಂಟ್ ಮತ್ತು ವಿವರಣೆ ಕಾಲಂಗೆ ಟೆಕ್ಸ್ಟ್ ಅಂತ ಹೇಳಿಬಿಟ್ಟರೆ ಮುಗಿಯಿತು. ಸಣ್ಣ ತಿದ್ದುಪಡಿಗೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಇನ್ನೂ ಒಳ್ಳೆಯದು. ಆಲ್ಟ್ ಒತ್ತಿ ಹಿಡಿದು ಎಳೆದರೆ ಕಾಲಂ ಪೂರ್ತಿ ಆರಿಸಬಹುದು.

ಕ್ಯೂಜಿಐಎಸ್ ಕೂಡ ಕಾಲಂ ಜಾತಿಯನ್ನು ತಾನೇ ಊಹೆ ಮಾಡುತ್ತದೆ, 001 ಇದ್ದರೆ ಅದೂ 1 ಅಂತಲೇ ಓದುತ್ತದೆ. ಆದರೆ ಆ ಊಹೆಯನ್ನು ನಿಲ್ಲಿಸಬಹುದು. ಮುಖ್ಯವಾಗಿ ಅದು ನಿಮ್ಮ ಮೂಲ ಫೈಲನ್ನು ಮುಟ್ಟುವುದಿಲ್ಲ. ಸಿಎಸ್‌ವಿಯಿಂದ ಬಂದ ಲೇಯರ್ (ನಕ್ಷೆಯ ಪದರ) ಓದೋಕೆ ಮಾತ್ರ, ತಿದ್ದೋಕೆ ಬಿಡುವುದಿಲ್ಲ. ಹೊಸಬರು ಪೆನ್ಸಿಲ್ ಗುರುತು ಮಂಕಾಗಿದೆ ಅಂತ ಗೊಣಗುತ್ತಾರೆ. ನನಗಂತೂ ಇದು ವರ. ಇನ್ಸ್‌ಟ್ರುಮೆಂಟಿನಿಂದ ಬಂದ ಫೈಲ್ ಹಾಗೇ ಇರುತ್ತದೆ, ತಿದ್ದಬೇಕಾದ್ದನ್ನು ಜಿಯೋಪ್ಯಾಕೇಜ್ ಅನ್ನುವ ನಕ್ಷೆ ಫೈಲ್ ಆಗಿ ಬೇರೆ ಉಳಿಸಿಕೊಂಡು ಅದರಲ್ಲಿ ತಿದ್ದುವುದು. ನಾಳೆ ಪಕ್ಕದ ಜಮೀನಿನವರು ತಕರಾರು ತೆಗೆದರೆ ತೋರಿಸೋಕೆ ಕಚ್ಚಾ ಪಟ್ಟಿ ಬೇಕೇ ಬೇಕು.

ಯುಟಿಎಂ ಝೋನ್ ವಿಚಾರವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. 78 ಡಿಗ್ರಿ ಪೂರ್ವ ರೇಖಾಂಶ ನಮ್ಮ ರಾಜ್ಯದ ಪೂರ್ವ ಅಂಚನ್ನು ಕತ್ತರಿಸಿಕೊಂಡು ಹೋಗುತ್ತದೆ. ಅದರ ಪಶ್ಚಿಮಕ್ಕೆ ಇರುವುದೆಲ್ಲ ಯುಟಿಎಂ 43, ಅಂದರೆ ಹೆಚ್ಚುಕಡಿಮೆ ಇಡೀ ಕರ್ನಾಟಕ. ಕೋಲಾರ, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರದ ಕಡೆ 44. ಕ್ಯೂಜಿಐಎಸ್‌ನಲ್ಲಿ 32643 ಅಥವಾ 32644 ಅಂತ ಇಪಿಎಸ್‌ಜಿ ನಂಬರ್ (ಕೋಆರ್ಡಿನೇಟ್ ಪದ್ಧತಿಯ ಗುರುತಿನ ಸಂಖ್ಯೆ) ಹಾಕಿ ಹೇಳಬೇಕು. ಮಾಲೂರಿನಲ್ಲಿ ಕೆಲಸ ಮಾಡಿ ಅಭ್ಯಾಸವಾದವರು ಅದೇ 43ನ್ನು ಮುಳಬಾಗಿಲಿನ ಪಟ್ಟಿಗೂ ಬಿಟ್ಟರೆ ಆ ಹೊಲ ಆರು ಡಿಗ್ರಿ ಪಶ್ಚಿಮಕ್ಕೆ ಹೋಗಿ ಅರಬ್ಬೀ ಸಮುದ್ರದಲ್ಲಿ ಬೀಳುತ್ತದೆ. ಸಮುದ್ರದಲ್ಲಿ ಬಿದ್ದರೆ ಒಳ್ಳೆಯದೇ, ಕಣ್ಣಿಗೆ ಕಾಣುತ್ತದೆ. ಎಕ್ಸೆಲ್‌ನಲ್ಲಿ ಕಾಣುವುದಿಲ್ಲ.

ಈಗ ಒಂದು ಸಣ್ಣ ಉದಾಹರಣೆ. ತುಮಕೂರಿನ ಕಡೆಯ ಹೊಲ ಅಂದುಕೊಳ್ಳಿ, ನಾಲ್ಕೇ ಮೂಲೆ, ಅಂಕಿ ನಾನೇ ಹಾಕಿದ್ದು. ಈಸ್ಟಿಂಗ್ ಮೊದಲು, ನಾರ್ಥಿಂಗ್ ಆಮೇಲೆ:

1, 727410.20, 1475880.50
2, 727498.70, 1475871.90
3, 727510.40, 1475790.30
4, 727415.60, 1475784.10

ಕೈಯಲ್ಲಿ ಲೆಕ್ಕ ಹಾಕುವವರು ಮೊದಲು ದೊಡ್ಡ ಅಂಕಿಯನ್ನು ಕಳೆದುಬಿಡಿ. ಈಸ್ಟಿಂಗ್‌ನಿಂದ 727400, ನಾರ್ಥಿಂಗ್‌ನಿಂದ 1475700 ತೆಗೆದರೆ ಪಾಯಿಂಟ್ 1 ಬರೀ 10.20, 180.50 ಆಗುತ್ತದೆ. ವಿಸ್ತೀರ್ಣಕ್ಕೆ ಏನೂ ತೊಂದರೆಯಿಲ್ಲ. ಹತ್ತು ಅಂಕಿಯ ಕ್ಯಾಲ್ಕುಲೇಟರ್‌ನಲ್ಲಿ ಆರಂಕಿ ಏಳಂಕಿ ಗುಣಿಸಿದರೆ ಕೊನೆಯ ಅಂಕಿಗಳೇ ಉದುರಿಹೋಗುತ್ತವೆ, ನಮಗೆ ಬೇಕಾದದ್ದು ಅವೇ. ಇದರ ಉತ್ತರ 8146.59 ಚದರ ಮೀಟರ್. ಅಂದರೆ 2 ಎಕರೆ 0 ಗುಂಟೆ 8 ಆಣೆ (ಗುಂಟೆಗೆ 16 ಆಣೆ).

ಅದೇ ಪಟ್ಟಿಯಲ್ಲಿ 2 ಮತ್ತು 3ನೇ ಸಾಲು ಹಿಂದೆ ಮುಂದೆ ಆದರೆ? ಸೂತ್ರ ಬೇಜಾರಿಲ್ಲದೆ 682 ಚದರ ಮೀಟರ್ ಅಂತ ಕೊಡುತ್ತದೆ. ಏಳು ಗುಂಟೆಯೂ ಇಲ್ಲ. ಗೆರೆ ಒಂದನ್ನೊಂದು ದಾಟಿ ಹೊಲ ಡಮರುವಿನ ಥರ ಆಗಿದೆ, ಒಂದು ಬದಿಯ ತ್ರಿಕೋನ ಇನ್ನೊಂದನ್ನು ಕಳೆದುಬಿಟ್ಟಿದೆ. ಇಲ್ಲಿ ವ್ಯತ್ಯಾಸ ದೊಡ್ಡದು, ಯಾರಿಗಾದರೂ ಅನುಮಾನ ಬರುತ್ತದೆ. ಇಪ್ಪತ್ತು ಮೂವತ್ತು ಪಾಯಿಂಟ್ ಇರುವ ಹಳ್ಳದ ದಂಡೆಯಲ್ಲಿ ಪಕ್ಕಪಕ್ಕದ ಎರಡು ಪಾಯಿಂಟ್ ಅದಲು ಬದಲಾದರೆ ಒಂದೆರಡು ಗುಂಟೆಯೊಳಗೆ ಮುಗಿಯುತ್ತದೆ, ಉತ್ತರ ನೋಡಿ ಯಾರಿಗೂ ಅನುಮಾನ ಬರುವುದಿಲ್ಲ. ಕ್ಯೂಜಿಐಎಸ್‌ನಲ್ಲಿ ಚೆಕ್ ವ್ಯಾಲಿಡಿಟಿ ಅಂತ ಟೂಲ್ ಇದೆ, ಗೆರೆ ದಾಟಿದ ಜಾಗಕ್ಕೇ ಗುರುತು ಹಾಕಿ ಕೊಡುತ್ತದೆ.

ಪಾಯಿಂಟುಗಳನ್ನು ಗೆರೆ ಮಾಡೋಕೆ ಪಾಯಿಂಟ್ಸ್ ಟು ಪಾತ್ ಅನ್ನುವ ಟೂಲ್ ಬಳಸಬೇಕು. ಯಾವ ಕಾಲಂನ ಕ್ರಮದಲ್ಲಿ ಜೋಡಿಸಬೇಕು, ಯಾವ ಕಾಲಂ ಪ್ರಕಾರ ಬೇರೆ ಬೇರೆ ಗುಂಪು ಮಾಡಬೇಕು, ಮೊದಲ ಪಾಯಿಂಟಿಗೆ ತಂದು ಮುಚ್ಚಬೇಕಾ, ಎಲ್ಲ ಕೇಳುತ್ತದೆ. ಗುಂಪಿಗೆ ಹಿಸ್ಸಾ ನಂಬರಿನ ಕಾಲಂ ಕೊಟ್ಟರೆ ಒಂದೇ ಪಟ್ಟಿಯಿಂದ ಎಲ್ಲ ಹಿಸ್ಸಾಗಳೂ ಒಂದೇ ಏಟಿಗೆ ಬೇರೆ ಬೇರೆ ಆಗಿ ಬರುತ್ತವೆ. ಪೋಡಿ ಕೆಲಸ, ಅಂದರೆ ಜಮೀನನ್ನು ಅಳೆದು ಹಿಸ್ಸಾ ಮಾಡುವ ಕೆಲಸ ಮಾಡುವವರಿಗೆ ಇದರ ಸುಖ ಏನು ಅಂತ ವಿವರಿಸಬೇಕಿಲ್ಲ. ಇನ್ನೊಂದು ಚಿಕ್ಕ ಟಿಕ್ ಇದೆ, ನೈಸರ್ಗಿಕ ಕ್ರಮದಲ್ಲಿ ಜೋಡಿಸು ಅಂತ. ಪಾಯಿಂಟ್ ಕಾಲಂ ಟೆಕ್ಸ್ಟ್ ಆಗಿದ್ದರೆ 1 ಆದ ಮೇಲೆ 10, 11 ಬಂದು ಆಮೇಲೆ 2 ಬರುತ್ತದೆ, ಗೆರೆ ಹೊಲದ ತುಂಬ ಓಡಾಡಿಬಿಡುತ್ತದೆ. ಆ ಟಿಕ್ ಹಾಕಿದರೆ ಸರಿ. ಅಲ್ಲಿಂದ ಲೈನ್ಸ್ ಟು ಪಾಲಿಗನ್ಸ್, ವಿಸ್ತೀರ್ಣ ಕೈಗೆ ಬಂತು.

ಯಾವ ವಿಸ್ತೀರ್ಣ ಅನ್ನೋದು ಮಾತ್ರ ನೋಡಿಕೊಳ್ಳಬೇಕು. ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ಏರಿಯಾ ಅಂತ ಎರಡು ಥರ ಇದೆ. ಡಾಲರ್ ಗುರುತು ಇರುವುದು ಪ್ರಾಜೆಕ್ಟ್‌ನಲ್ಲಿ ಕೊಟ್ಟ ಎಲಿಪ್ಸಾಯಿಡ್ (ಭೂಮಿಯ ದುಂಡನೆ ಆಕಾರ) ಮೇಲೆ ಲೆಕ್ಕ ಹಾಕುತ್ತದೆ. ಬ್ರಾಕೆಟ್‌ನಲ್ಲಿ ಜಾಮೆಟ್ರಿ ಕೊಟ್ಟು ಕೇಳುವುದು ಯುಟಿಎಂ ಹಾಳೆಯ ಮೇಲಿನ ಅಂಕಿಯನ್ನೇ ಹಿಡಿಯುತ್ತದೆ, ಅಂದರೆ ನೀವು ಕೈಯಲ್ಲಿ ಹಾಕಿದ ಲೆಕ್ಕಕ್ಕೆ ಹೊಂದುವುದು ಇದು. ಎರಡೂ ಒಂದೇ ಬರುವುದಿಲ್ಲ. ಯಾಕೆ ಅಂದರೆ ಯುಟಿಎಂ 43ರ ನಡು ರೇಖೆ 75 ಡಿಗ್ರಿ. ಅಲ್ಲಿ ಅಳತೆಯನ್ನು ಬೇಕೆಂದೇ 0.9996ಕ್ಕೆ ಕುಗ್ಗಿಸಿರುತ್ತಾರೆ, ಎರಡೂ ಬದಿಗೆ ಹೋದ ಹಾಗೆ ಹಿಗ್ಗುತ್ತದೆ. ಹುಬ್ಬಳ್ಳಿ ಆ ನಡು ರೇಖೆಯ ಹತ್ತಿರವೇ ಇದೆ. ಅಲ್ಲಿ ಟೇಪ್ ಹಿಡಿದ 100 ಮೀಟರ್ ಕೋಆರ್ಡಿನೇಟ್‌ನಿಂದ ತೆಗೆದರೆ 99.95ರ ಹತ್ತಿರ ಬರುತ್ತದೆ. ಬೆಂಗಳೂರಿನಲ್ಲಿ ಅದೇ 100 ಮೀಟರ್ 100.04 ಅಂತ ಬರುತ್ತದೆ. ಬೆಂಗಳೂರು ಎತ್ತರದಲ್ಲಿ ಇರುವುದರಿಂದ ಅದರಲ್ಲಿ ಸ್ವಲ್ಪ ಕಡಿಮೆಯಾಗಿಯೇ ಇಷ್ಟು.

ಒಂದು ಎಕರೆಗೆ ಇದರಿಂದ ಮೂರೂವರೆ ನಾಲ್ಕು ಚದರ ಮೀಟರ್ ವ್ಯತ್ಯಾಸ, ಒಂದು ಆಣೆಯೂ ಇಲ್ಲ. ಹೊಲಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಉದ್ದದ ರಸ್ತೆಗೋ ಪೈಪ್‌ಲೈನಿಗೋ ಟೋಟಲ್ ಸ್ಟೇಷನ್ ಅಳತೆ ಮತ್ತು ರೋವರ್ ಅಳತೆ ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಆಗ ಕಾಟ ಶುರು. ಟೋಟಲ್ ಸ್ಟೇಷನ್‌ನಲ್ಲಿ ಸ್ಕೇಲ್ ಫ್ಯಾಕ್ಟರ್ (ಮೇಲೆ ಹೇಳಿದ ಕುಗ್ಗು ಹಿಗ್ಗಿನ ಗುಣಕ) 1 ಅಂತ ಬಿಟ್ಟು ಅಳೆದಿದ್ದರೆ ಕಿಲೋಮೀಟರಿಗೆ ನಲವತ್ತು ಐವತ್ತು ಸೆಂಟಿಮೀಟರ್ ಹೊಂದುವುದಿಲ್ಲ. ಜನ ಇನ್ಸ್‌ಟ್ರುಮೆಂಟ್ ಕೆಟ್ಟಿದೆ ಅಂತ ಕ್ಯಾಲಿಬ್ರೇಷನ್‌ಗೆ ಕಳಿಸುತ್ತಾರೆ, ಪಾಪ ಅದರದ್ದೇನೂ ತಪ್ಪಿರುವುದಿಲ್ಲ. ಕ್ಯೂಜಿಐಎಸ್ ಇಲ್ಲಿ ಎಚ್ಚರಿಸುವುದಿಲ್ಲ. ಯಾವ ಏರಿಯಾ ಕೇಳಿದ್ದೀರಿ ಅನ್ನೋದು ನಿಮಗೇ ಗೊತ್ತಿರಬೇಕು.

ಎಕರೆ ಗುಂಟೆ ಆಣೆಗೆ ತಿರುಗಿಸುವ ಲೆಕ್ಕ ಒಂದು ಸಲ ಬರೆದಿಟ್ಟುಕೊಂಡರೆ ಎಲ್ಲ ಕೆಲಸಕ್ಕೂ ಆಗುತ್ತದೆ. ಚದರ ಮೀಟರನ್ನು 101.1714ರಿಂದ ಭಾಗಿಸಿದರೆ ಗುಂಟೆ. ಅದನ್ನು 40ರಿಂದ ಭಾಗಿಸಿದಾಗ ಬರುವ ಪೂರ್ಣ ಅಂಕಿ ಎಕರೆ, ಉಳಿದದ್ದರ ಪೂರ್ಣ ಅಂಕಿ ಗುಂಟೆ, ಅದರಿಂದಲೂ ಉಳಿದದ್ದನ್ನು 16ರಿಂದ ಗುಣಿಸಿದರೆ ಆಣೆ. ಗುಂಟೆ ಅಂದರೆ 33 ಅಡಿ ಉದ್ದ 33 ಅಡಿ ಅಗಲ, 1089 ಚದರ ಅಡಿ. ಹಳೇ ಸರಪಳಿ 33 ಅಡಿಯದು, ಅದಕ್ಕೂ ಹದಿನಾರು ಆಣೆ. ಹಾಗಾಗಿ ಹಳೆಯ ಸರ್ವೆ ಟಿಪ್ಪಣಿಯಲ್ಲಿ ಸರಪಳಿ ಆಣೆಯಲ್ಲಿ ಬರೆದ ಬದಿ ಅಳತೆಯನ್ನೂ ಒಂದು ಕಾಲಂ ಮಾಡಿ ಪಕ್ಕದಲ್ಲಿ ಇಟ್ಟು ಹೋಲಿಸಬಹುದು. ಉದ್ದದ ಆಣೆ ಬೇರೆ, ವಿಸ್ತೀರ್ಣದ ಆಣೆ ಬೇರೆ, ಕಾಲಂಗೆ ಹೆಸರಿಡುವಾಗ ಬೇರೆ ಬೇರೆ ಇಡಿ.

ಹೆಸರು ಅಂದಾಗ ನೆನಪಾಯಿತು, ಕನ್ನಡ. ಪಟ್ಟಿಯಲ್ಲಿ ಬಾಂದು ಕಲ್ಲು, ಬೇಲಿ, ಬಾವಿ, ಹುಣಸೆ ಮರ ಅಂತ ಕನ್ನಡದಲ್ಲೇ ಬರೆದರೂ ಕ್ಯೂಜಿಐಎಸ್ ಚೆನ್ನಾಗಿ ತೋರಿಸುತ್ತದೆ, ಯುನಿಕೋಡ್ ಇರಬೇಕು ಅಷ್ಟೇ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಬರೀ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ, ಮೊದಲು ಯುನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಎಕ್ಸೆಲ್‌ನಿಂದ ಉಳಿಸುವಾಗ ಸಿಎಸ್‌ವಿ ಯುಟಿಎಫ್ 8 ಅಂತ ಇರುವುದನ್ನೇ ಆರಿಸಬೇಕು, ಮಾಮೂಲಿ ಸಿಎಸ್‌ವಿ ಆರಿಸಿದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ. ಇನ್ನು ಶೇಪ್ ಫೈಲ್ ಅನ್ನುವ ಹಳೆಯ ನಕ್ಷೆ ಫೈಲ್ ಕಡೆ ಹೋಗಲೇಬೇಡಿ. ಅದರಲ್ಲಿ ಕಾಲಂ ಹೆಸರಿಗೆ ಹತ್ತು ಬೈಟ್ ಮಾತ್ರ ಜಾಗ, ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು. ವಿವರಣೆ ಅಂತ ಬರೆಯೋಕೂ ಜಾಗ ಸಾಲದು. ಜಿಯೋಪ್ಯಾಕೇಜ್‌ನಲ್ಲಿ ಈ ತೊಂದರೆಯಿಲ್ಲ, ಒಂದೇ ಫೈಲಿನಲ್ಲಿ ಇಡೀ ಕೆಲಸದ ಎಲ್ಲ ಲೇಯರ್ ಕೂರುತ್ತದೆ, ಪೆನ್ ಡ್ರೈವ್‌ನಲ್ಲಿ ಕೊಡುವಾಗ ಒಂದು ಫೈಲ್ ಬಿಟ್ಟುಹೋಯಿತು ಅನ್ನುವ ರಗಳೆ ಇಲ್ಲ.

ವಿವರಣೆ ಕಾಲಂ ಪ್ರಕಾರ ಬಣ್ಣ ಕೊಟ್ಟು ನೋಡಿದಾಗ ಇನ್ನೊಂದು ಉಪಕಾರ ಆಗುತ್ತದೆ. ಫೀಲ್ಡ್‌ನಲ್ಲಿ ಒಬ್ಬರು ಬಾಂದು ಅಂತ, ಇನ್ನೊಬ್ಬರು ಬಾಂದ್ ಅಂತ, ಮೂರನೆಯವರು ಕಲ್ಲು ಅಂತ ಹಾಕಿರುತ್ತಾರೆ. ಮೂರಕ್ಕೂ ಬೇರೆ ಬೇರೆ ಬಣ್ಣ ಬಂದು ಪಟ್ಟಿಯ ಅವ್ಯವಸ್ಥೆ ಎದುರಿಗೆ ನಿಲ್ಲುತ್ತದೆ.

ದೊಡ್ಡ ಕೆಲಸಗಳಲ್ಲಿ ಎರಡು ಮೂರು ಪಟ್ಟಿ ಸೇರಿಸುವ ಪ್ರಸಂಗ ಬರುತ್ತದೆ. ಸೋಮವಾರದ ಜಾಬ್‌ನಲ್ಲಿ 1ರಿಂದ ಶುರು, ಮಂಗಳವಾರದ ಜಾಬ್‌ನಲ್ಲೂ 1ರಿಂದಲೇ ಶುರು. ಇಲ್ಲಿ ಡಿಲೀಟ್ ಡೂಪ್ಲಿಕೇಟ್ಸ್ ಬೈ ಆಟ್ರಿಬ್ಯೂಟ್ ಅನ್ನುವ ಟೂಲ್ ಒಂದೇ ನಂಬರಿನ ಪಾಯಿಂಟುಗಳನ್ನು ಹುಡುಕುತ್ತದೆ. ಹೆಸರು ನೋಡಿ ಹೆದರಬೇಡಿ, ಮೂಲವನ್ನು ಅಳಿಸುವುದಿಲ್ಲ, ತೆಗೆದದ್ದನ್ನು ಬೇರೆ ಲೇಯರ್ ಆಗಿಯೂ ಕೊಡುತ್ತದೆ. ನಿಜವಾಗಿ ನಮಗೆ ಬೇಕಾದದ್ದು ಆ ಎರಡನೆಯ ಲೇಯರೇ. ಇನ್ನೂ ಒಳ್ಳೆಯದು ಜಾಯಿನ್ ಬೈ ನಿಯರೆಸ್ಟ್. ಮೊದಲ ದಿನ ಅಳೆದ ಬಾಂದು ಕಲ್ಲುಗಳನ್ನು ಬೇರೆ ಸ್ಟೇಷನ್‌ನಿಂದ ಮತ್ತೆ ಅಳೆದಿದ್ದರೆ ಎರಡೂ ಪಟ್ಟಿಯನ್ನು ಇದಕ್ಕೆ ಕೊಡಿ, ಪ್ರತಿ ಕಲ್ಲಿನ ಪಕ್ಕ ಎಷ್ಟು ದೂರ ಸರಿದಿದೆ ಅಂತ ಒಂದು ಕಾಲಂ ಬರುತ್ತದೆ. ಎಲ್ಲದರಲ್ಲೂ ಒಂದೆರಡು ಸೆಂಟಿಮೀಟರ್ ಇದ್ದು ಒಂದರಲ್ಲಿ ಮಾತ್ರ ಮೀಟರ್‌ಗಟ್ಟಲೆ ಇದ್ದರೆ ಪ್ರಿಸಂ (ಟೋಟಲ್ ಸ್ಟೇಷನ್ ಗುರಿಯಿಡುವ ಗಾಜು) ಬೇರೆ ಕಲ್ಲಿನ ಮೇಲೆ ಹಿಡಿದಿದ್ದಾರೆ ಅಂತಲೇ ಅರ್ಥ. ಎಲ್ಲವೂ ಒಂದೇ ದಿಕ್ಕಿಗೆ ಒಂದೇ ಅಳತೆ ಸರಿದಿದ್ದರೆ ಸ್ಟೇಷನ್ ಕೋಆರ್ಡಿನೇಟ್ ಕೊಡುವಾಗ ಏನೋ ಆಗಿದೆ. ಈ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಮಾಡಬಹುದು, ಆದರೆ ಯಾರೂ ಮಾಡುವುದಿಲ್ಲ. ಇಲ್ಲಿ ಎರಡು ಕ್ಲಿಕ್ ಆದ್ದರಿಂದ ಮಾಡುತ್ತಾರೆ.

ಪಟ್ಟಿಯನ್ನು ಹೊರಗೆ ತೆಗೆಯುವಾಗ ಸ್ವಲ್ಪ ಕಿರಿಕಿರಿ. ಸಿಎಸ್‌ವಿ ಆಗಿ ಉಳಿಸುವಾಗ ಎಕ್ಸ್ ವೈ ಸೇರಿಸು ಅಂದರೆ ಆ ಎರಡು ಕಾಲಂ ತಂದು ಎಲ್ಲಕ್ಕಿಂತ ಮೊದಲು ಇಡುತ್ತದೆ, ದಶಮಾಂಶವೂ ಉದ್ದಕ್ಕೆ ಇರುತ್ತದೆ. ಕಲ್ಲು ನೆಡೋಕೆ ಇನ್ಸ್‌ಟ್ರುಮೆಂಟಿಗೆ ಹಾಕಬೇಕಾದರೆ ಪಾಯಿಂಟ್ ಮೊದಲು, ನಾರ್ಥಿಂಗ್ ಆಮೇಲೆ, ಮೂರೇ ದಶಮಾಂಶ ಬೇಕು. ರಿಫ್ಯಾಕ್ಟರ್ ಫೀಲ್ಡ್ಸ್ ಅನ್ನುವ ಟೂಲ್‌ನಲ್ಲಿ ಕಾಲಂ ಕ್ರಮ, ಹೆಸರು, ದಶಮಾಂಶ ಎಲ್ಲ ಹೇಳಿ ಸರಿಮಾಡಿಕೊಳ್ಳಬಹುದು. ಒಂದು ಸಲ ಕಲಿಯೋಕೆ ಬೇಜಾರು, ಆಮೇಲೆ ಆ ಸೆಟ್ಟಿಂಗನ್ನು ಮಾಡೆಲ್ ಆಗಿ ಉಳಿಸಿಟ್ಟುಕೊಂಡರೆ ಆಯಿತು. ಪಾಲಿಗನ್‌ನಿಂದ ಮೂಲೆಗಳನ್ನು ಎಕ್ಸ್‌ಟ್ರ್ಯಾಕ್ಟ್ ವರ್ಟಿಸಸ್‌ನಲ್ಲಿ ತೆಗೆದರೆ ಮೊದಲ ಮೂಲೆ ಕೊನೆಯಲ್ಲಿ ಇನ್ನೊಂದು ಸಲ ಬರುತ್ತದೆ, ಅದನ್ನು ಅಳಿಸಿ ಕೊಡಿ.

ಈಗ ಆ ಕಡಿಮೆಯಾದ ಒಂದು ಅಂಕ. ಟ್ರಾವರ್ಸ್, ಅಂದರೆ ಒಂದು ಸ್ಟೇಷನ್‌ನಿಂದ ಮುಂದಿನದಕ್ಕೆ ಅಳೆಯುತ್ತಾ ಹೋಗುವ ಸರಣಿಯ ಲೆಕ್ಕ ಇದರಲ್ಲಿ ಇಲ್ಲ. ಕೋನ ಮತ್ತು ದೂರ ಹಾಕಿ ಕ್ಲೋಸಿಂಗ್ ಎರರ್ (ಸುತ್ತು ಮುಗಿದಾಗ ಉಳಿಯುವ ವ್ಯತ್ಯಾಸ) ತೆಗೆದು ಬೌಡಿಚ್ ಸೂತ್ರದ ಪ್ರಕಾರ ಹಂಚು ಅಂದರೆ ಬರೀ ಕ್ಯೂಜಿಐಎಸ್ ಕೈಚೆಲ್ಲುತ್ತದೆ. ಹಂಗೇರಿಯವರು ಮಾಡಿದ ಸರ್ವೇಯಿಂಗ್ ಕ್ಯಾಲ್ಕುಲೇಶನ್ ಅನ್ನುವ ಪ್ಲಗಿನ್ ಇದೆ, ಟ್ರಾವರ್ಸ್, ಇಂಟರ್‌ಸೆಕ್ಷನ್, ರೀಸೆಕ್ಷನ್ ಮಾಡುತ್ತದೆ. ಅದಕ್ಕೆ ಪಟ್ಟಿಯ ರೂಪದಲ್ಲಿ ಶಿಸ್ತು ಜಾಸ್ತಿ. ಪಾಯಿಂಟ್ ಲೇಯರಿನ ಹೆಸರು ಕೋಆರ್ಡ್ ಅಂಡರ್‌ಸ್ಕೋರ್ ಅಂತಲೇ ಇಂಗ್ಲಿಷಿನಲ್ಲಿ ಶುರುವಾಗಬೇಕು, ಕಾಲಂ ಹೆಸರುಗಳೂ ಅದು ಹೇಳಿದವೇ ಇರಬೇಕು, ಇಲ್ಲದಿದ್ದರೆ ನಿಮ್ಮ ಪಟ್ಟಿ ಅದರ ಕಣ್ಣಿಗೇ ಬೀಳುವುದಿಲ್ಲ. ಸರಳ ಟ್ರಾವರ್ಸ್‌ಗೆ ಕ್ಯಾಲ್ಕ್‌ನಲ್ಲಿ ಒಂದು ಹಾಳೆ ಮಾಡಿಟ್ಟುಕೊಂಡು, ಸರಿಹೊಂದಿಸಿದ ಕೋಆರ್ಡಿನೇಟ್‌ಗಳನ್ನು ಮಾತ್ರ ಕ್ಯೂಜಿಐಎಸ್‌ಗೆ ತರೋದು ನನಗೆ ಹಿಡಿಸಿದ ದಾರಿ. ಇನ್ಸ್‌ಟ್ರುಮೆಂಟಿನ ಕಚ್ಚಾ ಜಿಎಸ್‌ಐ ಥರದ ಫೈಲ್‌ಗಳನ್ನೂ ಇದು ನೇರ ಓದುವುದಿಲ್ಲ, ಮೊದಲು ಸಿಎಸ್‌ವಿ ಮಾಡಿಕೊಳ್ಳಬೇಕು.

ಕ್ಯಾಡ್ ಪೂರ್ತಿ ಬಿಡಬಹುದಾ ಅಂತ ಕೇಳಿದರೆ ಇಲ್ಲ. ಡಿಎಕ್ಸ್‌ಎಫ್ (ಕ್ಯಾಡ್ ಓದುವ ಫೈಲ್) ತೆಗೆದು ಕೊಡುತ್ತದೆ ನಿಜ, ಆದರೆ ಪಾಯಿಂಟಿನ ಕಾಲಂಗಳು ಜೊತೆಗೆ ಹೋಗುವುದಿಲ್ಲ, ಲೇಬಲ್ ಹಾಕಿದ್ದರೆ ಅಕ್ಷರವಾಗಿ ಹೋಗುತ್ತದೆ ಅಷ್ಟೇ. ಲೇಔಟ್ ಪ್ಲಾನ್ ನೀಟಾಗಿ ಬಿಡಿಸಿ ಕೊಡಬೇಕಾದವರು ಕ್ಯಾಡ್ ಇಟ್ಟುಕೊಳ್ಳಿ. ಇನ್ನು ಇದರಲ್ಲಿ ಮಾಡಿದ ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಹದ್ದುಬಸ್ತಿಗೋ (ಜಮೀನಿನ ಗಡಿ ಗುರುತಿಸುವ ಅಳತೆ) 11ಇ ನಕ್ಷೆಗೋ (ಜಮೀನಿನ ಒಂದು ಭಾಗ ಮಾರುವಾಗ ಬೇಕಾದ ನಕ್ಷೆ) ಬದಲಿ ಅಲ್ಲ, ಅದು ಇಲಾಖೆಯ ರೀತಿಯಲ್ಲೇ ಆಗಬೇಕು. ಮಾಲೀಕರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಬಣ್ಣದ ಪ್ರಿಂಟ್ ಕೈಗೆ ಸಿಕ್ಕರೆ ಅದನ್ನೇ ಹಿಡಿದು ತಾಲ್ಲೂಕು ಕಚೇರಿಗೆ ಹೋಗಿಬಿಡುತ್ತಾರೆ.

ಹಾಕಿಕೊಳ್ಳುವುದಾದರೆ ಡೌನ್‌ಲೋಡ್ ಪುಟದಲ್ಲಿ ಎಲ್‌ಟಿಆರ್ (ಬಹುಕಾಲ ಬೆಂಬಲ ಸಿಗುವ ಆವೃತ್ತಿ) ಅಂತ ಇರುವುದನ್ನು ಹಾಕಿಕೊಳ್ಳಿ, ಹೊಚ್ಚ ಹೊಸದು ಬೇಡ, ಪ್ಲಗಿನ್‌ಗಳು ಅದಕ್ಕೆ ಹೊಂದಿಕೊಳ್ಳೋಕೆ ಸಮಯ ಹಿಡಿಯುತ್ತದೆ. ಮೊದಲು ಈಗಾಗಲೇ ಕೊಟ್ಟು ಮುಗಿಸಿದ, ವಿಸ್ತೀರ್ಣ ಖಚಿತವಾಗಿ ಗೊತ್ತಿರುವ ಒಂದು ಹಳೆ ಪಟ್ಟಿಯನ್ನು ಹಾಕಿ ನೋಡಿ. ಎರಡೂ ಥರದ ಏರಿಯಾ ತೆಗೆದು ಪಕ್ಕಪಕ್ಕ ಇಡಿ. ಯಾವುದು ನಿಮ್ಮ ಹಳೆ ಉತ್ತರಕ್ಕೆ ಹೊಂದುತ್ತದೆ ಅಂತ ಗೊತ್ತಾದ ಮೇಲೆ ಹೊಸ ಕೆಲಸ ಶುರುಮಾಡಿ.